ತಿರುವಿನಲ್ಲಿ ಜಗ್ಗುವ ಏಳು ಸೀಟಿನ ಹಳೇ ಡೀಸೆಲ್ ಫೋರ್-ವೀಲ್: ಕ್ಯಾರವಾನ್ ಎಳೆಯಲು ಕೊಳ್ಳಬಹುದಾ?

ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಗಾಡಿ ಯಾರೋ ಹಿಡಿದುಕೊಂಡ ಹಾಗೆ ಜಗ್ಗುತ್ತದೆ ಅಂದಿದ್ದೀರಲ್ಲ, ಅದು ಹೆಚ್ಚಾಗಿ ಒಣ ಟಾರು ರಸ್ತೆಯಲ್ಲಿ ಫೋರ್-ವೀಲ್ (ಇಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಹಾಗೆ) ಹಾಕಿಯೇ ಓಡಿಸಿದ್ದರಿಂದ. ಇಲ್ಲವೇ ನಾಲ್ಕು ಟೈರ್ ಒಂದೇ ಸಮ ಸವೆದಿಲ್ಲ.

ಮೊದಲು ಟೂ-ವೀಲ್‌ಗೆ ಹಾಕಿ ಅದೇ ಸುತ್ತು ನಿಧಾನಕ್ಕೆ ಹೊಡೆಯಿರಿ. ಜಗ್ಗುವುದು ನಿಂತರೆ ಚಿಂತೆಯಿಲ್ಲ. ಯಾವಾಗಲೂ ಫೋರ್-ವೀಲ್‌ನಲ್ಲೇ ಓಡುವ ಮಾಡೆಲ್ ಆದರೆ ಸೆಂಟರ್ ಡಿಫರೆನ್ಶಿಯಲ್ ಲಾಕ್ (ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗದ ಹಾಗೆ ಹಿಡಿಯುವ ಲಾಕ್) ಬಿಟ್ಟಿದೆಯಾ ನೋಡಿ. ಆಮೇಲೆ ಟೈರ್. ಎರಡು ಹೊಸದು, ಎರಡು ಬೋಳು ಇದ್ದರೆ ಕಾರಣ ಅಲ್ಲೇ ಇರಬಹುದು. ನಮ್ಮ ಗಾಡಿಯಲ್ಲಿ ಅದೇ ಆಗಿತ್ತು. ಟೈರೂ ಸರಿಯಿದ್ದರೆ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಕಪ್ಲಿಂಗೋ ಟ್ರಾನ್ಸ್‌ಫರ್ ಕೇಸೋ ಕೆಟ್ಟಿರಬೇಕು. ಯಾವುದು ಅಂತ ಬಿಚ್ಚದೆ ಹೇಳಕ್ಕಾಗಲ್ಲ. ನಾನಾದರೆ ಆ ಗಾಡಿ ಬಿಟ್ಟುಬಿಡುತ್ತೇನೆ, ಎಳೆಯುವ ಕೆಲಸಕ್ಕೆ ಅಂತೂ ಬೇಡವೇ ಬೇಡ.

ಇನ್ನು ‘3,000 ಕೆಜಿ ಎಳೆಯುತ್ತೆ’ ಅಂತ ಮಾರುವವರು ಹೇಳೋ ಮಾತು. ಸುಮ್ನೆ ನಂಬಬೇಡಿ. ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಒಳಗೋ ಇರುವ ಪ್ಲೇಟ್, ಇಲ್ಲದಿದ್ದರೆ ಮ್ಯಾನ್ಯುಯಲ್ ನೋಡಿ. ಗಾಡಿ, ಹಿಂದೆ ಕಟ್ಟುವ ಕ್ಯಾರವಾನ್ ಎರಡೂ ಸೇರಿದ ತೂಕದ ಮಿತಿಯಿಂದ ಜನ, ಸಾಮಾನು ತುಂಬಿದ ಗಾಡಿಯ ತೂಕ ಕಳೆಯಿರಿ. ಆ ಉಳಿಕೆ, ಎಳೆಯುವ ಮಿತಿ, ಎರಡರಲ್ಲಿ ಯಾವುದು ಕಡಿಮೆಯೋ ಕ್ಯಾರವಾನ್ ಅಷ್ಟರೊಳಗೇ ಇರಬೇಕು. ಕೊಂಡಿಯ ಮೇಲೆ ಕೂರುವ ಭಾರವನ್ನು ಗಾಡಿಯ ಲೆಕ್ಕಕ್ಕೇ ಸೇರಿಸಿ. ಮೂರನೇ ಸಾಲೂ ತುಂಬಿದ್ದರೆ ಹಿಂದಿನ ಆಕ್ಸಲ್ ಮಿತಿಯನ್ನೂ ನೋಡಿ, ಜಾಸ್ತಿ ಸಲ ಮೊದಲು ದಾಟುವುದು ಅದೇ.