ಮಗಳು ನನ್ನ ಹತ್ತಿರ, ಮಗ ಅಮ್ಮನ ಹತ್ತಿರ: ಚೈಲ್ಡ್ ಸಪೋರ್ಟ್ ಅರ್ಧ ಕೊಟ್ಟರೆ ಸಾಕಾ?

ಅಮೆರಿಕದಲ್ಲಿ ಡಿವೋರ್ಸ್ ಆಗಿದೆ, ಮಕ್ಕಳಿಬ್ಬರೂ ತಾಯಿ ಜೊತೆ ಇರಲಿ, ಅವರ ಖರ್ಚಿಗೆ ನೀವು ತಿಂಗಳು ತಿಂಗಳು ದುಡ್ಡು (ಅದೇ ಚೈಲ್ಡ್ ಸಪೋರ್ಟ್) ಕೊಡಿ ಅಂತ ಕೋರ್ಟ್ ಆರ್ಡರ್ ಇತ್ತು, ಈಗ ದೊಡ್ಡ ಮಗಳು ನಿಮ್ಮ ಮನೆಗೇ ಬಂದಿದ್ದಾಳೆ, ಹಾಗಾಗಿ ಮುಂದಿನ ತಿಂಗಳಿಂದ ಅರ್ಧ ದುಡ್ಡು ಕಳಿಸಿದರೆ ಸಾಕಲ್ವಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಹಾಗೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ನನ್ನ ಮಗನಿಗೆ ಆಗ ಹದಿನಾಲ್ಕು ವರ್ಷ. ರಜೆಗೆ ಬಂದವನು ವಾಪಸ್ ಹೋಗಲ್ಲ ಅಂತ ಕೂತ. ಅವನ ಅಮ್ಮನೂ ಫೋನಿನಲ್ಲಿ "ಸರಿ, ಅಲ್ಲೇ ಇರಲಿ" ಅಂದರು. ಮಗಳು ಅವರ ಹತ್ತಿರವೇ ಉಳಿದಳು. ಇಬ್ಬರಿಗೆ ಇಷ್ಟಾದರೆ ಒಬ್ಬಳಿಗೆ ಅದರಲ್ಲಿ ಅರ್ಧ ಅಂತ ನಾನೇ ಲೆಕ್ಕ ಹಾಕಿ ಎಂಟು ತಿಂಗಳು ಅಷ್ಟೇ ಕಳಿಸಿದೆ. ಆಮೇಲೆ ಬೇರೆ ಯಾವುದೋ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳ ಆಯಿತು, ಅದರ ಹಿಂದೆಯೇ ಬಾಕಿಯ ನೋಟಿಸ್ ಬಂತು. ಜಡ್ಜ್ ಕೇಳಿದ್ದು ಒಂದೇ ಪ್ರಶ್ನೆ: ಆರ್ಡರ್ ಬದಲಾಯಿಸಲು ಅರ್ಜಿ ಹಾಕಿದ್ದು ಯಾವತ್ತು? ನಾನು ಹಾಕಿಯೇ ಇರಲಿಲ್ಲ. ಮಗ ನನ್ನ ಮನೆಯಲ್ಲೇ ಉಂಡು ಮಲಗಿದ್ದ ಆ ಎಂಟು ತಿಂಗಳಿಗೂ ಬಾಕಿ ಪೂರ್ತಿ ಕಟ್ಟಿದೆ.

ಇದು ಆ ಜಡ್ಜ್ ಹಟವಲ್ಲ. 1986ರಲ್ಲಿ ಬಂದ ಫೆಡರಲ್ ಕಾನೂನು ಇದೆ, ಬ್ರಾಡ್ಲಿ ಅಮೆಂಡ್‌ಮೆಂಟ್ ಅಂತಾರೆ. ಪ್ರತಿ ತಿಂಗಳ ಕಂತೂ ಗಡುವಿನ ದಿನವೇ ಕೋರ್ಟ್ ತೀರ್ಪಿನ ಸಾಲದ ಹಾಗೆ ಆಗಿಬಿಡುತ್ತದೆ. ಹಿಂದಕ್ಕೆ ಹೋಗಿ ಅದನ್ನು ಅಳಿಸುವ ಅಧಿಕಾರ ಕೋರ್ಟಿಗೂ ಇಲ್ಲ. ನೀವು ಅರ್ಜಿ ಹಾಕಿ, ಅದರ ನೋಟಿಸ್ ಎದುರಿನವರಿಗೆ ಮುಟ್ಟಿದ ದಿನದಿಂದ ಮಾತ್ರ ಕಡಿಮೆ ಮಾಡಬಹುದು. ಟೆಕ್ಸಾಸ್‌ನಂಥ ಕೆಲವು ಕಡೆ, ತಾಯಿ ತಾನಾಗಿ ಮಗುವನ್ನು ಒಪ್ಪಿಸಿದ್ದರು, ಖರ್ಚೆಲ್ಲ ನಾನೇ ನೋಡಿಕೊಂಡೆ ಅಂತ ತೋರಿಸಿದರೆ ಬಾಕಿಯಲ್ಲಿ ಸ್ವಲ್ಪ ವಿನಾಯಿತಿ ಸಿಗಬಹುದು. ಆದರೆ ಸಾಬೀತು ಮಾಡಬೇಕಾದವರು ನೀವೇ. ಬಾಕಿ 2,500 ಡಾಲರ್ ದಾಟಿದರೆ ಅಮೆರಿಕದ ಪಾಸ್‌ಪೋರ್ಟ್ ಕೂಡ ಕೊಡುವುದಿಲ್ಲ, ಗೊತ್ತಿರಲಿ.

ಇನ್ನು ಅರ್ಧದ ಲೆಕ್ಕ. ಅದು ಬುಡದಲ್ಲೇ ತಪ್ಪು. ಒಂದು ಮಗುವಿನ ಮೊತ್ತ ಎರಡು ಮಕ್ಕಳದ್ದರ ಅರ್ಧ ಅಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ಸೂತ್ರ ಇದೆ, ತಿಳಿಯಲು ಸುಲಭ ಅಂತ ಟೆಕ್ಸಾಸ್‌ದೇ ತೆಗೆದುಕೊಳ್ಳುತ್ತೇನೆ: ತೆರಿಗೆ ಇತ್ಯಾದಿ ಕಳೆದ ಆದಾಯದಲ್ಲಿ ಒಂದು ಮಗುವಿಗೆ 20%, ಎರಡಕ್ಕೆ 25%. ನಿಮ್ಮದು ತಿಂಗಳಿಗೆ 6,000 ಡಾಲರ್ ಅಂದುಕೊಳ್ಳಿ. ಇಬ್ಬರಿಗೂ ಸೇರಿ 1,500 ಕೊಡುತ್ತಿದ್ದಿರಿ. ಈಗ ಒಬ್ಬೊಬ್ಬರ ಹತ್ತಿರ ಒಂದೊಂದು ಮಗು ಇದೆಯಲ್ಲ, ಹಾಗಾಗಿ ಸಾಮಾನ್ಯವಾಗಿ ಎರಡು ಲೆಕ್ಕ ಹಾಕುತ್ತಾರೆ. ಅವರ ಹತ್ತಿರ ಇರುವ ಮಗುವಿಗೆ ನಿಮ್ಮಿಂದ 20%, ಅಂದರೆ 1,200. ನಿಮ್ಮ ಹತ್ತಿರ ಇರುವ ಮಗುವಿಗೆ ಅವರಿಂದ 20%. ಅವರ ಆದಾಯ 4,000 ಆದರೆ ಅದು 800. ಒಂದರಲ್ಲಿ ಒಂದು ಕಳೆದು, ಜಾಸ್ತಿ ಕೊಡಬೇಕಾದವರು ವ್ಯತ್ಯಾಸ ಕೊಡುತ್ತಾರೆ. ಇಲ್ಲಿ ನೀವು 400 ಕೊಟ್ಟರೆ ಆಯಿತು. ಅರ್ಧ ಅಂತ ಹೋಗಿದ್ದರೆ 750 ಕಳಿಸುತ್ತಿದ್ದಿರಿ! ಆದರೆ ಅವರ ಆದಾಯ ಬರೀ 1,000 ಆಗಿದ್ದರೆ? ಆಗ ನೀವು ಕೊಡಬೇಕಾದ್ದು 1,200ರಲ್ಲಿ 200 ಕಳೆದು 1,000. ಅರ್ಜಿ ಹಾಕುವ ಮೊದಲೇ ನಿಮ್ಮ ರಾಜ್ಯದ ಸೂತ್ರದಲ್ಲಿ ಎರಡೂ ಕಡೆಯ ಆದಾಯ ಹಾಕಿ ನೋಡಿ. ನಾನು ಅದನ್ನೂ ಮಾಡಿರಲಿಲ್ಲ.

ಮಗು ಮನೆ ಬದಲಾಯಿಸಿದ್ದು ದೊಡ್ಡ ಬದಲಾವಣೆಯೇ, ಅರ್ಜಿಗೆ ಅಷ್ಟು ಕಾರಣ ಸಾಮಾನ್ಯವಾಗಿ ಸಾಕು. ನಿಮ್ಮ ಕೇಸ್ ರಾಜ್ಯದ ಚೈಲ್ಡ್ ಸಪೋರ್ಟ್ ಕಚೇರಿಯ ಮೂಲಕ ನಡೆಯುತ್ತಿದ್ದರೆ ಮೂರು ವರ್ಷಕ್ಕೊಮ್ಮೆ ಮೊತ್ತ ಪರಿಶೀಲಿಸಿ ಅಂತ ಕೇಳುವ ಹಕ್ಕೂ ಇದೆ, ಇಂಥ ಬದಲಾವಣೆ ಆದಾಗ ಆ ಮೂರು ವರ್ಷ ಕಾಯಬೇಕಾಗಿಲ್ಲ. ಆದರೆ ದುಡ್ಡಿನ ಆರ್ಡರ್ ಬೇರೆ, ಕಸ್ಟಡಿ ಆರ್ಡರ್ ಬೇರೆ. ಮಗಳು ನಿಮ್ಮ ಹತ್ತಿರ ಇರುವುದು ಕಾಗದದಲ್ಲೂ ಬರಬೇಕು. ಅಕ್ಕ ತಮ್ಮನನ್ನು ಬೇರೆ ಮಾಡಲು ಜಡ್ಜ್‌ಗಳು ಸುಲಭಕ್ಕೆ ಒಪ್ಪುವುದಿಲ್ಲ, "ಅವಳಿಗೆ ಇಷ್ಟ" ಅಂದರೆ ಸಾಲದು. ಸ್ಕೂಲ್ ದಾಖಲೆ, ಡಾಕ್ಟರ್ ಹತ್ತಿರ ಕೊಟ್ಟ ವಿಳಾಸ, ತಾಯಿ ಒಪ್ಪಿದ ಮೆಸೇಜ್ ಎಲ್ಲ ಎತ್ತಿಡಿ. ತಮ್ಮನ ಜೊತೆ ಶನಿವಾರ ಭಾನುವಾರ ಹೇಗೆ ಕಳೆಯುತ್ತಾಳೆ ಅಂತಲೂ ಬರೆದುಕೊಂಡು ಹೋಗಿ, ನನಗೆ ಅದನ್ನೇ ಎರಡು ಸಲ ಕೇಳಿದರು.

ತೆರಿಗೆ ವಿಷಯ ಚಿಕ್ಕದು, ಆದರೆ ಮರೆಯಬೇಡಿ. ವರ್ಷದಲ್ಲಿ ಮಗು ಯಾರ ಮನೆಯಲ್ಲಿ ಜಾಸ್ತಿ ರಾತ್ರಿ ಮಲಗಿತೋ, ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಕಣ್ಣಿಗೆ ಅವರೇ ಕಸ್ಟಡಿ ಪೋಷಕರು. ಒಂದೇ ಮಗುವನ್ನು ಇಬ್ಬರೂ ತಮ್ಮ ತಮ್ಮ ತೆರಿಗೆ ರಿಟರ್ನ್‌ನಲ್ಲಿ ತೋರಿಸಿದರೆ ಇಬ್ಬರಿಗೂ ಕಾಗದ ಬರುತ್ತದೆ.

ನಿಮ್ಮ ಮಾಜಿ ಹೆಂಡತಿ ಜೊತೆ ಮಾತು ಚೆನ್ನಾಗಿದ್ದರೆ ಕೆಲಸ ಇನ್ನೂ ಸುಲಭ. ಇಬ್ಬರೂ ಸೇರಿ ಒಪ್ಪಂದ ಬರೆದು ಸಹಿ ಹಾಕಿ ಕೋರ್ಟಿಗೆ ಕೊಡಿ. ಜಡ್ಜ್ ಸಹಿ ಬೀಳುವವರೆಗೆ ಹಳೇ ಮೊತ್ತವನ್ನೇ ಕಳಿಸುತ್ತಿರಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಅರ್ಜಿ ಮಾತ್ರ ಈ ವಾರವೇ ಹಾಕಿ.