ಇಂಗ್ಲೆಂಡಿನಲ್ಲಿ ಮಗಳಿಗೆ ಓದು ಕಲಿಸುವುದು ಹೇಗೆ ಅಂತ ಕೇಳಿದವರಿಗೆ

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಜನವರಿಯಲ್ಲಿ ಬೆಂಗಳೂರಿನಿಂದ ಕೊವೆಂಟ್ರಿಗೆ ಬಂದಿದ್ದೀರಿ. ಮಗಳು ಆಗಸ್ಟಿನಲ್ಲಿ ಹುಟ್ಟಿದವಳು, ವರ್ಷದ ಮಧ್ಯದಲ್ಲಿ ರಿಸೆಪ್ಷನ್‌ಗೆ, ಅಂದರೆ ಇಲ್ಲಿಯ ಶಾಲೆಯ ಮೊದಲ ತರಗತಿಗೆ ಸೇರಿದ್ದಾಳೆ. ಅಲ್ಲಿ ಎಲ್‌ಕೆಜಿಯಲ್ಲಿ ಎ ಯಿಂದ ಝಡ್ ವರೆಗೆ ಬರೆಯುತ್ತಿದ್ದವಳು ಇಲ್ಲಿ ಮರಳು, ನೀರು, ಬಣ್ಣ ಅಂತ ಆಡಿಕೊಂಡು ಬರುತ್ತಾಳೆ. ಶಾಲೆಯಿಂದ ಮನೆಗೆ ಕೊಟ್ಟ ಪುಸ್ತಕದಲ್ಲಿ ಒಂದು ಪದವೂ ಇಲ್ಲ, ಬರೀ ಚಿತ್ರ. ಊರಿಂದ ಅತ್ತೆ ಫೋನ್ ಮಾಡಿ ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಅನ್ನುತ್ತಾರೆ. ಕನ್ನಡ ಬಿಡಬೇಕಾ, ಟ್ಯೂಷನ್ ಹಾಕಬೇಕಾ ಅಂತ ಕೇಳಿದ್ದೀರಿ.

ಎರಡೂ ಬೇಡ. ಕನ್ನಡವನ್ನಂತೂ ಖಂಡಿತ ಬಿಡಬೇಡಿ. ನನ್ನ ಇಬ್ಬರು ಮಕ್ಕಳೂ ಇಲ್ಲಿಯ ಶಾಲೆಯಲ್ಲೇ ಓದು ಕಲಿತವರು. ಈಗ ನಾನು ನಮ್ಮ ಬಡಾವಣೆಯ ಪ್ರೈಮರಿ ಶಾಲೆಗೆ ಚಿಕ್ಕ ಮಕ್ಕಳು ಓದುವುದನ್ನು ಕೇಳಿಸಿಕೊಳ್ಳಲು ವಾಲಂಟಿಯರ್ ಆಗಿ ಹೋಗುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇದು ಇಂಗ್ಲೆಂಡಿನ ಮಾತು ಅಂತ ನೆನಪಿರಲಿ, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಪದ್ಧತಿ ಬೇರೆ.

ಮೊದಲು ವಯಸ್ಸಿನ ವಿಷಯ. ಇಲ್ಲಿ ತರಗತಿಯ ಲೆಕ್ಕ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ. ಅಂದರೆ ನಿಮ್ಮ ಮಗಳ ಪಕ್ಕದಲ್ಲಿ ಕೂರುವ ಮಗು ಅವಳಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದಿರಬಹುದು. ನಾಲ್ಕೂವರೆ ವರ್ಷದ ಮಗುವಿಗೆ ಒಂದು ವರ್ಷ ಅಂದರೆ ಎಷ್ಟು ದೊಡ್ಡದು ಯೋಚನೆ ಮಾಡಿ. ಇನ್ನೊಂದು ಮಗು ಆಗಲೇ ಪುಸ್ತಕ ಓದುತ್ತಿದೆ ಅಂತ ಅದರ ಅಮ್ಮ ಹೇಳಿದರೆ ಕೇಳಿಸಿಕೊಳ್ಳಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮ ಮಗಳು ತರಗತಿಯಲ್ಲಿ ಬಾಯಿ ಬಿಡುವುದೇ ಇಲ್ಲ ಅಂತಲೂ ಬರೆದಿದ್ದೀರಿ. ಹೊಸ ಭಾಷೆಗೆ ಬಂದ ಮಕ್ಕಳು ಕೆಲವು ತಿಂಗಳು ಹೀಗೆ ಸುಮ್ನೆ ಇರುವುದು ಸಾಮಾನ್ಯ. ಆ ಹೊತ್ತಿನಲ್ಲಿ ಅವು ಕೇಳಿಸಿಕೊಳ್ಳುತ್ತಿರುತ್ತವೆ. ಶಾಲೆಗಳಿಗೂ ಇದು ಗೊತ್ತು.

ಈಗ ಓದಿನ ವಿಷಯ. ಇಲ್ಲಿ ಓದು ಶುರುವಾಗುವುದು ಅಕ್ಷರದ ಹೆಸರಿನಿಂದ ಅಲ್ಲ, ಅದರ ಶಬ್ದದಿಂದ. ಫೋನಿಕ್ಸ್ ಅಂತ ಕೇಳಿರುತ್ತೀರಿ. ಚಿಕ್ಕ ಮಕ್ಕಳಿಗೆ ಓದು ಕಲಿಸುವುದರ ಬಗ್ಗೆ 2006ರಲ್ಲಿ ಬಂದ ರೋಸ್ ವರದಿಯ ನಂತರ ಇಂಗ್ಲೆಂಡಿನ ಶಾಲೆಗಳಲ್ಲಿ ಇದೇ ಮುಖ್ಯ ದಾರಿ. ನಾವೆಲ್ಲ ‘ಸಿ ಎ ಟಿ ಕ್ಯಾಟ್’ ಅಂತ ಬಾಯಿಪಾಠ ಮಾಡಿ ಕಲಿತವರು. ಆದರೆ ‘ಸಿ’, ‘ಎ’, ‘ಟಿ’ ಅಂತ ಎಷ್ಟು ಸಲ ಹೇಳಿದರೂ ಅದರಿಂದ ‘ಕ್ಯಾಟ್’ ಹುಟ್ಟುವುದಿಲ್ಲ, ಅಲ್ವಾ? ಕ್, ಆ್ಯ, ಟ್ ಅಂತ ಹೇಳಿ ಬೇಗ ಬೇಗ ಸೇರಿಸಿದರೆ ಪದ ತಾನಾಗಿ ಬರುತ್ತದೆ. ಈ ಸೇರಿಸುವುದಕ್ಕೆ ಬ್ಲೆಂಡಿಂಗ್ ಅನ್ನುತ್ತಾರೆ. ಹೆಚ್ಚಿನ ಶಾಲೆಗಳಲ್ಲಿ ಮೊದಲು ಹೇಳಿಕೊಡುವುದು ಎಸ್, ಎ, ಟಿ, ಪಿ, ಐ, ಎನ್, ಈ ಆರು ಅಕ್ಷರಗಳ ಶಬ್ದ. ಇಷ್ಟರಲ್ಲೇ ಸ್ಯಾಟ್, ಪಿನ್, ಟ್ಯಾಪ್, ಟಿನ್, ಸಿಪ್, ಪ್ಯಾನ್ ಅಂತ ಎಷ್ಟೋ ಪದ ಕಟ್ಟಬಹುದು, ಅದಕ್ಕೇ ಆ ಕ್ರಮ. ಕೆಲವು ಶಾಲೆಗಳಲ್ಲಿ ಎಂ, ಎ, ಎಸ್, ಡಿ, ಟಿ ಅಂತ ಶುರು ಮಾಡುತ್ತಾರೆ. ಯಾವ ಕ್ರಮ ಅನ್ನುವುದು ಶಾಲೆ ಆರಿಸಿಕೊಂಡ ಸ್ಕೀಮಿನ, ಅಂದರೆ ಸಿದ್ಧ ಪಾಠಕ್ರಮದ ಮೇಲೆ ಹೋಗುತ್ತದೆ. ಲಿಟಲ್ ವಾಂಡಲ್, ರೀಡ್ ರೈಟ್ ಇಂಕ್ ಅಂತೆಲ್ಲ ಹೆಸರುಗಳಿವೆ. ಮಗಳು ಮನೆಗೆ ಬಂದು ಫ್ರೆಡ್ ಅನ್ನುವ ಕಪ್ಪೆಯ ಮಾತು ಹೇಳಿದರೆ ಅದು ರೀಡ್ ರೈಟ್ ಇಂಕ್.

ಇಲ್ಲಿ ನಮ್ಮವರಿಗೆ ಒಂದು ತೊಡಕಿದೆ, ಅದೇ ಜಾಗದಲ್ಲಿ ಒಂದು ಅನುಕೂಲವೂ ಇದೆ. ನಮ್ಮ ವ್ಯಂಜನಗಳಲ್ಲಿ ‘ಅ’ ಸೇರಿಕೊಂಡೇ ಇರುತ್ತದೆ. ಹಾಗಾಗಿ ‘ಎಸ್’ ಅಕ್ಷರ ತೋರಿಸಿ ನಾವು ಅಭ್ಯಾಸಬಲದಿಂದ ‘ಸ’ ಅಂತೇವೆ, ‘ಎಂ’ ತೋರಿಸಿ ‘ಮ’ ಅಂತೇವೆ. ಮಗು ‘ಸ-ಆ್ಯ-ಟ’ ಅಂತ ಸೇರಿಸಲು ಹೋಗಿ ಎಲ್ಲೂ ತಲುಪುವುದಿಲ್ಲ. ಟೀಚರುಗಳು ಬಿಡಿಯಾದ ಶಬ್ದ ಹೇಳಿ ಅಂತ ಅಪ್ಪ ಅಮ್ಮಂದಿರಿಗೆ ಪದೇ ಪದೇ ಹೇಳುವುದು ಇದನ್ನೇ. ಆದರೆ ಕನ್ನಡ ಓದಲು ಬರುವ ನಮಗೆ ‘ಸ್’ ಬೇರೆ, ‘ಸ’ ಬೇರೆ ಅಂತ ಚೆನ್ನಾಗಿ ಗೊತ್ತು. ಕಾಗುಣಿತ ಕಲಿತ ಯಾರಿಗೇ ಆದರೂ ಕ್ ಜೊತೆ ಇ ಸೇರಿದರೆ ಕಿ ಅನ್ನುವುದು ರಕ್ತದಲ್ಲೇ ಇದೆ. ಬ್ಲೆಂಡಿಂಗ್ ಅಂದರೆ ಅದೇ. ನೀವು ಮನಸ್ಸಿನಲ್ಲಿ ಅರ್ಧಾಕ್ಷರ ಇಟ್ಟುಕೊಂಡು ಹೇಳಿಕೊಟ್ಟರೆ ಸಾಕು, ನಿಮ್ಮ ಉಚ್ಚಾರಣೆ ಇಂಗ್ಲಿಷರ ಥರ ಇಲ್ಲ ಅಂತ ಹಿಂಜರಿಯಬೇಕಿಲ್ಲ.

ಒಂದು ಉಪಾಯ. ಸ್, ಮ್, ನ್, ಫ್ ಇವನ್ನು ಎಳೆದು ಹೇಳಬಹುದು. ಪ್, ಟ್, ಕ್ ಎಳೆಯಲು ಬರುವುದಿಲ್ಲ. ಅದಕ್ಕೇ ಮೊದಲು ಸ್ಯಾಮ್, ಮ್ಯಾನ್, ಸನ್ ಥರದ ಪದ ತೆಗೆದುಕೊಳ್ಳಿ. ಸ್‌ಸ್‌ಸ್ ಅಂತ ಎಳೆದು, ಉಸಿರು ಬಿಡದೆ ಮುಂದಿನ ಶಬ್ದಕ್ಕೆ ಹೋಗಿ. ಇನ್ನೊಂದು, ನಾವು ಮನೆಯಲ್ಲಿ ಬಸ್ಸು, ಕಪ್ಪು, ಪೆನ್ನು ಅಂತೇವೆ. ಮಾತಾಡುವಾಗ ಹಾಗೇ ಅನ್ನಿ, ಏನೂ ತಪ್ಪಿಲ್ಲ. ಇಂಗ್ಲಿಷ್ ಪುಸ್ತಕ ಹಿಡಿದಾಗ ಮಾತ್ರ ಕೊನೆಗೆ ‘ಉ’ ಬೇಡ. ಎಲ್‌ಕೆಜಿಯಲ್ಲಿ ಕಲಿತ ದೊಡ್ಡಕ್ಷರಗಳೂ ಸದ್ಯ ಹಿಂದೆ ಇರಲಿ. ಇಲ್ಲಿ ಚಿಕ್ಕಕ್ಷರ ಮೊದಲು, ಅವಳ ಹೆಸರಲ್ಲೂ ಮೊದಲನೆಯದು ಮಾತ್ರ ದೊಡ್ಡಕ್ಷರ.

ಒಂಟಿ ಅಕ್ಷರಗಳು ಮುಗಿದ ಮೇಲೆ ಎರಡು ಮೂರು ಅಕ್ಷರ ಸೇರಿ ಒಂದೇ ಶಬ್ದ ಕೊಡುವ ಪದಗಳು ಬರುತ್ತವೆ. ‘ಶಿಪ್’ನಲ್ಲಿ ಎಸ್ ಮತ್ತು ಎಚ್ ಸೇರಿ ಶ್. ‘ನೈಟ್’ನಲ್ಲಿ ಐ, ಜಿ, ಎಚ್ ಮೂರೂ ಸೇರಿ ಐ. 26 ಅಕ್ಷರದಲ್ಲಿ ಸುಮಾರು 44 ಶಬ್ದ ತೋರಿಸಬೇಕಾದ ಭಾಷೆ ಇದು, ಕಷ್ಟ ಇದ್ದೇ ಇರುತ್ತದೆ. ನಿಮ್ಮ ಮಗಳ ತರಗತಿ ಈಗಾಗಲೇ ಈ ಹಂತದಲ್ಲಿರಬಹುದು, ಅವಳು ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ಪಾಠ ತಪ್ಪಿಸಿಕೊಂಡಿದ್ದಾಳೆ. ಹಾಗೆ ಹಿಂದೆ ಬಿದ್ದ ಮಕ್ಕಳನ್ನು ಚಿಕ್ಕ ಗುಂಪಿನಲ್ಲಿ ಕೂರಿಸಿ ಹೇಳಿಕೊಡುತ್ತಾರೆ. ಮಗಳಿಗೆ ಅದು ಸಿಗುತ್ತಿದೆಯಾ ಅಂತ ಟೀಚರನ್ನು ನೇರವಾಗಿ ಕೇಳಿ. ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಇಲ್ಲಿ ಬೇಡ.

‘ದಿ’, ‘ಸೆಡ್’, ‘ವಾಸ್’, ‘ವನ್’ ಥರದ ಕೆಲವು ಪದ ಪೂರ್ತಿ ಬಿಡಿಸಿ ಓದಲು ಬರುವುದಿಲ್ಲ, ಅವನ್ನು ನೋಡಿ ನೋಡಿ ರೂಢಿ ಮಾಡಬೇಕು. ಅವು ಬಂದಾಗ ಮಗುವನ್ನು ಕಾಯಿಸಬೇಡಿ, ನೀವೇ ಹೇಳಿಬಿಡಿ.

ಚಿತ್ರದ ಪುಸ್ತಕದ ಬಗ್ಗೆ ಬೇಜಾರು ಮಾಡಿಕೊಂಡಿದ್ದೀರಿ. ಅದು ಮಗುವನ್ನು ಕಡಿಮೆ ಅಂದಾಜು ಮಾಡಿದ್ದಲ್ಲ. ಕಥೆ ಎಲ್ಲಿ ಶುರು, ಮುಂದೆ ಏನಾಗಬಹುದು, ಆ ನಾಯಿಗೆ ಯಾಕೆ ಸಿಟ್ಟು ಬಂತು ಅಂತ ಮಾತಾಡಿಸುವುದಕ್ಕೇ ಆ ಪುಸ್ತಕ ಕೊಡುವುದು. ಆ ಮಾತನ್ನು ಕನ್ನಡದಲ್ಲೇ ಆಡಿ. ಪದವೇ ಇಲ್ಲದ ಪುಸ್ತಕ ಯಾವ ಭಾಷೆಯದಾದರೂ ಆಗುತ್ತದೆ!

ಕನ್ನಡ ಬಿಡಬೇಡಿ ಅಂದೆನಲ್ಲ, ಅದು ಬರೀ ಅಭಿಮಾನದ ಮಾತಲ್ಲ, ಕಾರಣ ಇದೆ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದಿಗೆ ಒಂದು ಸರಳ ಲೆಕ್ಕ ಕೊಟ್ಟರು. ಪದ ಬಿಡಿಸುವ ಶಕ್ತಿಯನ್ನು ಮಾತು ಅರ್ಥ ಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದು. ಕೂಡಿಸುವುದಲ್ಲ, ಗುಣಿಸುವುದು. ಒಂದು ಕಡೆ ಸೊನ್ನೆ ಇದ್ದರೆ ಉತ್ತರವೂ ಸೊನ್ನೆ. ಪದ ಬಿಡಿಸುವುದನ್ನು ಶಾಲೆ ದಿನಾ ಹೇಳಿಕೊಡುತ್ತದೆ. ಅರ್ಥ ಮಾಡಿಕೊಳ್ಳುವ ಶಕ್ತಿ ಬೆಳೆಯುವುದು ಮಾತಿನಿಂದ, ಅದೂ ಮಗುವಿನ ಜೊತೆ ಸರಾಗವಾಗಿ ಆಡುವ ಮಾತಿನಿಂದ. ಬೇರು ಅಂದರೆ ಏನು, ಬೆಣ್ಣೆ ಯಾಕೆ ಕರಗುತ್ತದೆ, ಹೊಟ್ಟೆಕಿಚ್ಚು ಅಂದರೆ ಹೇಗಿರುತ್ತದೆ ಅಂತ ಕನ್ನಡದಲ್ಲಿ ತಿಳಿದ ಮಗು ಇಂಗ್ಲಿಷಿನಲ್ಲಿ ಅದರ ಹೊಸ ಹೆಸರು ಕಲಿತರೆ ಮುಗಿಯಿತು. ಕನ್ನಡ ನಿಲ್ಲಿಸಿ ನೀವು ಅರೆಬರೆ ಇಂಗ್ಲಿಷಿನಲ್ಲಿ ‘ಕಮ್, ಈಟ್, ಸಿಟ್’ ಅಂತ ಅಷ್ಟರಲ್ಲೇ ಮಾತು ಮುಗಿಸಿದರೆ ಮಗು ಎರಡೂ ಕಡೆ ಬಡವಾಗುತ್ತದೆ. ಶಾಲೆಯಲ್ಲಿ ನಾನು ಓದು ಕೇಳುವಾಗ ಇದು ಎದ್ದು ಕಾಣುತ್ತದೆ. ಮನೆಯಲ್ಲಿ ಯಾವ ಭಾಷೆಯೇ ಇರಲಿ, ಕಥೆ ಕೇಳಿ ಬೆಳೆದ ಮಗು ಒಂದು ಸಾಲು ಓದಿ ತಕ್ಷಣ ಪ್ರಶ್ನೆ ಕೇಳುತ್ತದೆ. ಕೆಲವು ಮಕ್ಕಳು ಪುಟ ಪೂರ್ತಿ ಸರಿಯಾಗಿ ಓದಿ, ಏನಾಯಿತು ಅಂದರೆ ಮುಖ ನೋಡುತ್ತಾರೆ. ಅತ್ತೆಯವರಿಗೆ ಇದನ್ನೇ ಹೇಳಿ, ಸಾಧ್ಯವಾದರೆ ವಿಡಿಯೋ ಕಾಲ್‌ನಲ್ಲಿ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುವ ಕೆಲಸ ಅವರಿಗೇ ವಹಿಸಿ. ಅವರ ಕಾಳಜಿಗೂ ಒಂದು ದಾರಿಯಾಗುತ್ತದೆ.

ಕನ್ನಡ ಅಕ್ಷರ ಈಗಲೇ ಕಲಿಸಬೇಕಾ ಅಂದರೆ, ನನ್ನ ಅಭಿಪ್ರಾಯದಲ್ಲಿ ಬೇಡ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪಗಳು, ನಿಧಾನವಾಗಿ ಕೂರುವ ವಿದ್ಯೆ ಅದು. ಇಂಗ್ಲಿಷ್ ಓದು ಒಂದು ಹದಕ್ಕೆ ಬರಲಿ, ಆರೇಳು ವರ್ಷಕ್ಕೆ ಶುರು ಮಾಡಿ. ಬ್ಲೆಂಡಿಂಗ್ ಬಂದ ಮಗುವಿಗೆ ಕಾಗುಣಿತ ಬೇಗ ಹಿಡಿಯುತ್ತದೆ. ಇಲ್ಲಿಯ ಕನ್ನಡ ಸಂಘಗಳು ಕೆಲವು ಊರುಗಳಲ್ಲಿ ಕನ್ನಡ ತರಗತಿ ನಡೆಸುತ್ತವೆ, ವಿಚಾರಿಸಿ. ಅಲ್ಲಿಯವರೆಗೆ ನೀವು ಓದಿ ಹೇಳಿ. ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟ್ 2015ರಿಂದ ಇದೆ. ಅದರಲ್ಲಿ ಒಂದೇ ಚಿತ್ರಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪುಕ್ಕಟೆ ಸಿಗುತ್ತದೆ.

ದಿನಚರಿಯ ಮಾತಿಗೆ ಬರುತ್ತೇನೆ. ಹತ್ತು ನಿಮಿಷ ಸಾಕು, ಆದರೆ ದಿನಾ ಬೇಕು. ಮೂರೂಕಾಲಿಗೆ ಶಾಲೆ ಬಿಟ್ಟಾಗ ಮಕ್ಕಳು ಹಸಿದು ಸುಸ್ತಾಗಿರುತ್ತಾರೆ, ಆಗ ಪುಸ್ತಕ ಹಿಡಿಸಿದರೆ ಅಳುವೇ ಗತಿ. ಏನಾದರೂ ತಿನ್ನಿಸಿ ಆಮೇಲೆ ಕೂರಿ, ಇಲ್ಲವೇ ಬೆಳಿಗ್ಗೆ ಹೊರಡುವ ಮುಂಚೆ. ಮುಂದೆ ಅವಳು ಪದಗಳಿರುವ ಪುಸ್ತಕ ತರತೊಡಗಿದಾಗ ಅದು ಗೊತ್ತಿರುವ ಶಬ್ದಗಳಿಂದಲೇ ಕಟ್ಟಿದ್ದಾಗಿರುತ್ತದೆ, ಅದನ್ನು ವಾರದಲ್ಲಿ ಮೂರು ನಾಲ್ಕು ಸಲ ಓದಿಸಿ, ‘ಇದು ಬಾಯಿಪಾಠ ಆಗಿದೆ’ ಅಂತ ಬಿಡಬೇಡಿ, ತಡವರಿಸದೆ ಓದುವ ಸುಖ ಅವಳಿಗೆ ಸಿಗುವುದು ಆ ಮೂರನೇ ನಾಲ್ಕನೇ ಓದಿನಲ್ಲೇ. ಚಿತ್ರ ನೋಡಿ ಪದ ಊಹಿಸಿದರೆ ಬೈಯಬೇಡಿ. ಬೆರಳನ್ನು ಪದದ ಕೆಳಗಿಟ್ಟು ಶಬ್ದ ಕೇಳಿ. ತಪ್ಪಾದಾಗ ತಕ್ಷಣ ಬಾಯಿ ಹಾಕದೆ ಒಂದು ಕ್ಷಣ ಬಿಡಿ, ಎಷ್ಟೋ ಸಲ ತಾನೇ ತಿದ್ದಿಕೊಳ್ಳುತ್ತದೆ ಮಗು. ರಾತ್ರಿ ಮಲಗುವಾಗ ಮಾತ್ರ ಓದುವವರು ನೀವು ಅಥವಾ ಅವಳ ಅಪ್ಪ. ಅಲ್ಲಿ ಪರೀಕ್ಷೆ ಬೇಡ, ಕಥೆ ಅಷ್ಟೇ.

ರೀಡಿಂಗ್ ರೆಕಾರ್ಡ್ ಅಂತ ಒಂದು ಚಿಕ್ಕ ಪುಸ್ತಕ ಬರುತ್ತದೆ. ಬರೀ ಸಹಿ ಹಾಕಿ ಕಳಿಸುವವರೇ ಜಾಸ್ತಿ. ನೀವು ಒಂದು ಸಾಲು ಬರೆಯಿರಿ. ‘ಶ್ ಶಬ್ದ ಗುರುತಿಸಿದಳು, ಸೆಡ್ ಹತ್ತಿರ ನಿಂತಳು’, ಇಷ್ಟು ಸಾಕು. ಟೀಚರಿಗೆ ಮರುದಿನ ಎಲ್ಲಿ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ.

ಮುಂದಿನ ವರ್ಷ, ಅಂದರೆ ಇಯರ್ ಒನ್‌ನ ಜೂನ್ ತಿಂಗಳಲ್ಲಿ, ಫೋನಿಕ್ಸ್ ಸ್ಕ್ರೀನಿಂಗ್ ಚೆಕ್ ಇರುತ್ತದೆ. 2012ರಿಂದ ಇದೆ. ಟೀಚರ್ ಮಗುವನ್ನು ಒಂಟಿಯಾಗಿ ಕೂರಿಸಿ 40 ಪದ ಓದಿಸುತ್ತಾರೆ. 20 ನಿಜವಾದ ಪದ, 20 ಅರ್ಥವೇ ಇಲ್ಲದ್ದು, ‘ವ್ಯಾಪ್’ ಥರದ್ದು, ಪಕ್ಕದಲ್ಲಿ ಒಂದು ವಿಚಿತ್ರ ಪ್ರಾಣಿಯ ಚಿತ್ರ. ಮಗು ನಿಜವಾಗಿ ಬಿಡಿಸಿ ಓದುತ್ತಿದೆಯಾ ಅಂತ ನೋಡುವುದಕ್ಕೆ ಹೀಗೆ. ಚೆನ್ನಾಗಿ ಓದುವ ಮಕ್ಕಳೂ ಕೆಲವೊಮ್ಮೆ ಅದನ್ನು ಗೊತ್ತಿರುವ ಪದವಾಗಿ ಬದಲಿಸಿ ಓದಿಬಿಡುತ್ತಾರೆ. ಇದುವರೆಗೆ ಹೆಚ್ಚಿನ ವರ್ಷ 32 ಸರಿ ಇರಬೇಕು ಅಂತ ಇಟ್ಟಿದ್ದಾರೆ. ಬರದಿದ್ದರೆ ಇಯರ್ ಟೂನಲ್ಲಿ ಮತ್ತೆ ಮಾಡುತ್ತಾರೆ, ಫೇಲ್ ಅಂತ ಅದೇ ತರಗತಿಯಲ್ಲಿ ಮತ್ತೆ ಕೂರಿಸುವುದಿಲ್ಲ. ಇದಕ್ಕಾಗಿ ಟ್ಯೂಷನ್‌ಗೆ ದುಡ್ಡು ಸುರಿಯಬೇಡಿ. ಫ್ರಿಜ್ ಮೇಲೆ ಅಂಟುವ ಅಯಸ್ಕಾಂತದ ಅಕ್ಷರ ತಂದು ಸುಳ್ಳು ಪದ ಕಟ್ಟುವ ಆಟ ಆಡಿ. ಬಿಬಿಸಿಯ ಮಕ್ಕಳ ಚಾನೆಲ್‌ನ ಆಲ್ಫಾಬ್ಲಾಕ್ಸ್ ಕಾರ್ಯಕ್ರಮವನ್ನು ಮಗಳ ಜೊತೆಯಲ್ಲಿ ಕೂತು ನೋಡಿ.

ಶಬ್ದಗಳನ್ನು ಪದೇ ಪದೇ ಅದಲು ಬದಲು ಮಾಡುತ್ತಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ, ಜಿಪಿ, ಅಂದರೆ ನಿಮ್ಮ ಹೆಸರು ನೋಂದಾಯಿಸಿದ ಡಾಕ್ಟರ್ ಹತ್ತಿರ ಕಿವಿ ಪರೀಕ್ಷೆ ಕೇಳಿ. ಈ ವಯಸ್ಸಿನಲ್ಲಿ ನೆಗಡಿಯಾದ ಮೇಲೆ ಕಿವಿಯೊಳಗೆ ದ್ರವ ನಿಲ್ಲುವುದು ತುಂಬಾ ಸಾಮಾನ್ಯ. ಕಣ್ಣಿನ ಪರೀಕ್ಷೆ 16 ವರ್ಷದೊಳಗಿನ ಮಕ್ಕಳಿಗೆ ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಉಚಿತ.

ಲೈಬ್ರರಿ ಕಾರ್ಡ್ ಮಾಡಿಸಿದ್ದೀರಾ? ಪುಕ್ಕಟೆ, ಮಗುವಿನ ಹೆಸರಿನಲ್ಲೇ ಕೊಡುತ್ತಾರೆ. ಒಂದೇ ಸಲ ಚೀಲ ತುಂಬಾ ಪುಸ್ತಕ ತರಬಹುದು. ಬೇಸಿಗೆ ರಜೆಯಲ್ಲಿ ಸಮರ್ ರೀಡಿಂಗ್ ಚಾಲೆಂಜ್ ಅಂತ ನಡೆಸುತ್ತಾರೆ, ಅದಕ್ಕೆ ಮಗಳ ಹೆಸರು ಬರೆಸಿ. ನೀವು ಓದಿ ಹೇಳಿದ್ದೂ ಲೆಕ್ಕಕ್ಕೆ ಬರುತ್ತದೆ. ನಿಮಗೆ ಹಗಲು ಬಿಡುವಿದ್ದರೆ ಶಾಲೆಯಲ್ಲಿ ಓದು ಕೇಳುವ ವಾಲಂಟಿಯರ್ ಆಗಲು ಕೇಳಿ ನೋಡಿ. ಡಿಬಿಎಸ್ ಚೆಕ್, ಅಂದರೆ ಮಕ್ಕಳ ಜೊತೆ ಇರುವವರ ಹಿನ್ನೆಲೆಯ ಪರಿಶೀಲನೆ, ಶಾಲೆಯವರೇ ಮಾಡಿಸುತ್ತಾರೆ. ಪದ್ಧತಿ ಕಣ್ಣಾರೆ ಕಂಡರೆ ಅರ್ಧ ಆತಂಕ ಹೋಗುತ್ತದೆ, ನಾಲ್ಕು ಜನರ ಪರಿಚಯವೂ ಆಗುತ್ತದೆ.

ಸೋಮವಾರ ಮಗಳನ್ನು ಬಿಡಲು ಹೋದಾಗ ಟೀಚರ್ ಹತ್ತಿರ ಎರಡು ವಿಷಯ ಕೇಳಿ. ಯಾವ ಫೋನಿಕ್ಸ್ ಸ್ಕೀಮ್, ಮಗಳಿಗೆ ಸದ್ಯ ಯಾವ ಯಾವ ಶಬ್ದ ಬರುತ್ತದೆ. ಶಬ್ದಗಳ ಚಾರ್ಟ್ ಇದ್ದರೆ ಒಂದು ಪ್ರತಿ ಇಸಿದುಕೊಳ್ಳಿ. ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ಎಲ್ಲಿಂದ ಶುರು ಮಾಡಬೇಕು ಅಂತ ಸೇರಿ ನೋಡೋಣ.