ಪುತ್ತೂರಿನ ಮದುವೆಗೆ ಬೆಳಗಿನ ವಿಮಾನ ನಂಬಬೇಡಿ

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು, ಪುತ್ತೂರಿನ ಮದುವೆಗೆ ಅಂದೇ ಬೆಳಿಗ್ಗೆ ಹೊರಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಇದೇ ಲೆಕ್ಕ ಹಾಕಿ ನಾನು ಅಕ್ಕನ ಮಗಳ ಧಾರೆ ತಪ್ಪಿಸಿಕೊಂಡೆ.

ದೇವನಹಳ್ಳಿಯಿಂದ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಎಂದಿರುತ್ತದೆ. ನಾನು ನೋಡಿದ್ದು ಅದೊಂದನ್ನೇ. ಮುಹೂರ್ತ 11:48ಕ್ಕೆ, ವಿಮಾನ ಇಳಿಯುವುದು 8:45ಕ್ಕೆ, ಮೂರು ಗಂಟೆ ಕೈಯಲ್ಲಿದೆ ಎಂದುಕೊಂಡೆ. ಅದು ಎರಡು ವಿಮಾನ ನಿಲ್ದಾಣಗಳ ನಡುವಿನ ಹೊತ್ತು. ನನ್ನ ಮನೆ ಇರುವುದು ಜಯನಗರದಲ್ಲಿ, ಮದುವೆ ಪುತ್ತೂರಿನಲ್ಲಿ. ಮನೆ ಬಿಟ್ಟದ್ದು ನಸುಕಿನ ನಾಲ್ಕೂವರೆಗೆ. ಜನವರಿಯ ಮಂಜು, ರನ್‌ವೇ ಕಾಣದೆ ವಿಮಾನಗಳೆಲ್ಲ ಸಾಲಾಗಿ ನಿಂತವು. ನಮ್ಮದು ಹೊರಟಾಗ 9:20. ಬಜ್ಪೆಯಲ್ಲಿ ಇಳಿದು, ಪೆಟ್ಟಿಗೆ ಕೈಗೆ ಬರುವಾಗ 10:45. ಅಲ್ಲಿಂದ ಕೈಕಂಬ, ಪೊಳಲಿ, ಬಿ.ಸಿ. ರೋಡ್. ಆಗ ಕಲ್ಲಡ್ಕದಲ್ಲಿ ಮೇಲ್ಸೇತುವೆಯ ಕೆಲಸ ನಡೆಯುತ್ತಿತ್ತು. ಕೆಂಪು ಧೂಳಿನಲ್ಲಿ ಟ್ಯಾಕ್ಸಿ ಮುಂದಿನ ಲಾರಿಯ ಬೆನ್ನು ಬಿಡಲಿಲ್ಲ.

ಸಭಾಭವನ ತಲುಪಿದಾಗ 12:25. ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಆ ಕೆಲಸವನ್ನು ಭಾವನ ತಮ್ಮ ಮಾಡಿ ಮುಗಿಸಿದ್ದರು. ನನಗೆಂದು ಅಕ್ಕ ತೆಗೆದಿಟ್ಟಿದ್ದ ಜರಿ ಶಾಲು ಮುಂದಿನ ಸಾಲಿನ ಕುರ್ಚಿಯ ಮೇಲೆ ಮಡಿಕೆ ಬಿಚ್ಚದೆ ಕುಳಿತಿತ್ತು. ಅಕ್ಕ ಒಂದು ಮಾತೂ ಆಡಲಿಲ್ಲ, ಊಟಕ್ಕೆ ಕರೆದಳು.

ಆದ್ದರಿಂದ ದೂರದ ಪ್ರಶ್ನೆಯನ್ನೇ ಬಿಡಿ. ಪುತ್ತೂರು ಇರುವುದು ಮಂಗಳೂರಿನಿಂದ ಬೆಂಗಳೂರಿನ ಕಡೆಗೆ, ಐವತ್ತಕ್ಕೂ ಹೆಚ್ಚು ಕಿ.ಮೀ. ಈಚೆಗೆ. ವಿಮಾನ ಹತ್ತಿದವರು ಊರನ್ನು ದಾಟಿ ಮುಂದೆ ಹೋಗಿ, ಅಷ್ಟೂ ದೂರ ಮತ್ತೆ ಹಿಂದಕ್ಕೆ ಬರಬೇಕು. ಶಿರಾಡಿ ಘಾಟಿ ಇಳಿದ ಬಸ್ಸಿಗೆ ಉಪ್ಪಿನಂಗಡಿ ದಾರಿಯಲ್ಲೇ ಸಿಗುತ್ತದೆ, ಅಲ್ಲಿಂದ ಪುತ್ತೂರು ಕೂಗಳತೆ. ನನ್ನ ಆ ದಿನದ ಪ್ರಯಾಣ ಒಟ್ಟು ಎಂಟು ಗಂಟೆ. ರಾತ್ರಿ ಬಸ್ಸೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ, ಅದೂ ಮಲಗಿಕೊಂಡು.

ಮಂಗಳೂರು ನಗರದಲ್ಲಿಯೋ ಸುರತ್ಕಲ್ಲಿನಲ್ಲಿಯೋ ಕೆಲಸವಿದ್ದರೆ ವಿಮಾನ ಒಳ್ಳೆಯದೇ, ಬೇಡವೆನ್ನುವುದಿಲ್ಲ. ಆದರೆ ಮುಹೂರ್ತವಿರುವ ದಿನ ಬೇಡ, ಹಿಂದಿನ ದಿನವೇ ಹೋಗಿ. ಮಳೆಗಾಲದಲ್ಲಂತೂ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಗೆ ಮೋಡ ಕವಿದರೆ ವಿಮಾನ ಬೇರೆ ಊರಿಗೆ ತಿರುಗುವುದೂ ಉಂಟು. ಘಾಟಿಯಲ್ಲಿ ಗುಡ್ಡ ಕುಸಿದರೆ ಬಸ್ಸಿಗೂ ಅದೇ ಗತಿ, ಹಾಗಾಗಿ ಆ ತಿಂಗಳುಗಳಲ್ಲಿ ಯಾವುದರಲ್ಲಿ ಹೋದರೂ ಒಂದು ದಿನ ಮೊದಲೇ ಹೊರಡಿ.

ನಿಮ್ಮ ಮದುವೆಗೆ ಇನ್ನೂ ಸಮಯವಿದ್ದರೆ ರಾತ್ರಿ ರೈಲಿನ ಟಿಕೆಟ್ ಇವತ್ತೇ ನೋಡಿ. ನಿಲ್ದಾಣದ ಹೆಸರು ಕಬಕ ಪುತ್ತೂರು ಎಂದಿರುತ್ತದೆ.